ಸರಿಯಾದ ಪಾಸ್‌ವರ್ಡ್, ತೆರೆಯದ ಬಾಗಿಲು

ಇವತ್ತಿನ ಸಂಚಿಕೆ ಲಂಡನ್ನಿನ ಕ್ವೀನ್ಸ್‌ಬರಿಯಿಂದ. ಪಕ್ಕದ ಊರು ಕಿಂಗ್ಸ್‌ಬರಿ, ಅದಕ್ಕೆ ಜೋಡಿಯಾಗಿ ಇದಕ್ಕೆ ರಾಣಿಯ ಹೆಸರು. ಇರಲಿ, ವಿಷಯಕ್ಕೆ ಬರೋಣ.

ನಮ್ಮ ಮನೆ ಹಿತ್ತಲಲ್ಲಿ ಸೈಕಲ್ ಇಡೋ ಶೆಡ್ ಇದೆ. ಫೋನಿಂದ ಪಾಸ್‌ವರ್ಡ್ ಕಳಿಸಿದರೆ ಅದರ ಚಿಲಕ ತೆರೆಯೋ ಹಾಗೆ ಒಂದು ಸರ್ಕ್ಯೂಟ್ ಮಾಡಿದ್ವಿ: ಆರ್ಡುಯಿನೋ ಊನೋ, ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್, ಒಂದು ರಿಲೇ. 4826 ಅಂತ ಕಳಿಸಿದ್ವಿ. ತೆರೆಯಲಿಲ್ಲ. ಆರ್ಡುಯಿನೋಗೆ ಏನು ತಲುಪಿದೆ ಅಂತ ಸೀರಿಯಲ್ ಮಾನಿಟರ್‌ನಲ್ಲಿ ನೋಡಿದರೆ ಅಲ್ಲೂ 4826 ಅಂತಲೇ ಇದೆ!

ಇಲ್ಲೇ ನಿಂತು ಯೋಚಿಸಬೇಕಿತ್ತು. ಅಂಕಿಗಳು ಸರಿಯಾಗಿ ಬಂದಿವೆ ಅಂದ್ರೆ ವೈರಿಂಗ್ ಸರಿ, 9600 ಬಾಡ್ ವೇಗವೂ ಸರಿ. ವೇಗ ತಪ್ಪಿದ್ದರೆ ಅರ್ಥವಿಲ್ಲದ ಅಕ್ಷರಗಳು ಬರ್ತಿದ್ವು. ತಪ್ಪು ಇರೋದು ಹೋಲಿಸಿ ನೋಡೋ ಕಡೆ. ನಾವೋ, ಅರ್ಧ ದಿನ ವೈರ್ ಕಿತ್ತು ಮತ್ತೆ ಹಾಕಿದ್ವಿ.

ಕೊನೆಗೆ ಬಂದ ಪಾಸ್‌ವರ್ಡಿನ ಉದ್ದವನ್ನು ಮುದ್ರಿಸಿದ್ವಿ. 5 ಅಂತು! ಒಂದೊಂದೇ ಬೈಟನ್ನು ಸಂಖ್ಯೆಯಾಗಿ ತೋರಿಸಿದಾಗ 52, 56, 50, 54, ಕೊನೆಗೆ 13. ಈ 13 ಹಳೇ ಟೈಪ್‌ರೈಟರ್ ಕಾಲದ ಪಳೆಯುಳಿಕೆ, ಸಾಲಿನ ಮೊದಲಿಗೆ ಹೋಗು ಅನ್ನೋ ಸಂಕೇತ. ಪರದೆ ಮೇಲೆ ಕಾಣೋದಿಲ್ಲ. ಫೋನಿನ ಆ್ಯಪ್ ಪ್ರತಿ ಸಾಲಿನ ಕೊನೆಗೆ 13 ಮತ್ತು 10 ಸೇರಿಸ್ತಿತ್ತು. ನಮ್ಮ ಪ್ರೋಗ್ರಾಂ 10ರವರೆಗೆ ಓದಿ ಅದನ್ನು ಬಿಸಾಕ್ತಿತ್ತು. 13 ಮಾತ್ರ ಒಳಗೇ ಉಳೀತು. ಹೋಲಿಸೋ ಮೊದಲು 'ಟ್ರಿಮ್' ಅನ್ನೋ ಒಂದು ಆದೇಶ ಸೇರಿಸಿದರೆ ಸಾಕು.

ಸೇರಿಸಿದ್ವಿ, ತೆರೀತು, ಕಾಫಿ ಕುಡಿದ್ವಿ. ಸಂಜೆ ಮಗಳು ತಮಾಷೆಗೆ ತನ್ನ ಹೆಸರು ಟೈಪ್ ಮಾಡಿದಳು. ಅದಕ್ಕೂ ತೆರೀತು!

ತಿದ್ದುವ ಭರದಲ್ಲಿ ಹೋಲಿಸೋ ಸಾಲನ್ನು ಮತ್ತೆ ಬರೆದಿದ್ವಿ. ಎರಡು ಸಮ ಚಿಹ್ನೆ ಇರಬೇಕಾದಲ್ಲಿ ಒಂದೇ ಬಿದ್ದಿತ್ತು. ಎರಡಿದ್ದರೆ 'ಇವೆರಡೂ ಒಂದೇನಾ?' ಅನ್ನೋ ಪ್ರಶ್ನೆ. ಒಂದೇ ಇದ್ದರೆ 'ಇದನ್ನು ಅದರೊಳಗೆ ತುಂಬು' ಅನ್ನೋ ಆಜ್ಞೆ. ಯಾರು ಏನೇ ಕಳಿಸಲಿ, ಪ್ರೋಗ್ರಾಂ ಅದರ ಜಾಗಕ್ಕೆ 4826 ತುಂಬಿ ಚಿಲಕ ತೆಗೀತಿತ್ತು. ಕಂಪೈಲರ್ ತಕರಾರು ಮಾಡಲಿಲ್ಲ. ಮೊದಲನೇ ತಪ್ಪಿಗಿಂತ ಇದು ಕೆಟ್ಟದ್ದು: ತೆರೆಯದ ಬಾಗಿಲು ತಾನೇ ದೂರು ಹೇಳುತ್ತೆ, ಎಲ್ಲರಿಗೂ ತೆರೆಯೋದು ಹೇಳಲ್ಲ. ಈಗ ಪ್ರತಿ ಸಲ ತಿದ್ದಿದ ಮೇಲೂ ತಪ್ಪು ಪಾಸ್‌ವರ್ಡ್, ಖಾಲಿ ಸಾಲು, 48260, ಈ ಮೂರನ್ನೂ ಕಳಿಸಿ ನೋಡ್ತೀವಿ.

ಇನ್ನೊಂದು ಮಾತು. ಎಚ್‌ಸಿ-05ರ ಜೋಡಣೆ ಪಿನ್ ಸಾಮಾನ್ಯವಾಗಿ 1234 ಅಂತಲೇ ಬರುತ್ತೆ, ಮೊದಲು ಬದಲಾಯಿಸಿ. ನಾಲ್ಕು ಅಂಕಿಗೆ ಇರೋದು 10,000 ಸಾಧ್ಯತೆ. ಸೆಕೆಂಡಿಗೊಂದರಂತೆ ಕಳಿಸಿದರೆ ಮೂರು ಗಂಟೆಯೊಳಗೆ ಮುಗೀತು. ಮೂರು ತಪ್ಪಿಗೆ ಒಂದು ನಿಮಿಷ ಕಾಯಿಸಿದರೆ ಎರಡು ದಿನಕ್ಕೂ ಹೆಚ್ಚು ಬೇಕು. ಅಷ್ಟಾದರೂ ಮುಂಬಾಗಿಲಿಗೆ ನಾವು ಹಳೇ ಬೀಗವನ್ನೇ ಬಿಟ್ಟಿದ್ದೀವಿ.