ಕಾಲೇಜು ವಿದ್ಯಾರ್ಥಿಗೆ ಆರೈಕೆ ಸಹಾಯಕ: ಯಾರಲ್ಲಿ ಏನು ಕೇಳಬೇಕು?

ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿದವರಿಗೆ ಕಾಲೇಜಿನಲ್ಲಿ ಸೀಟು ಸಿಕ್ಕರಷ್ಟೇ ಸಾಲದು. ಹಾಸಿಗೆಯಿಂದ ಎಬ್ಬಿಸಿ, ಸ್ನಾನ ಮಾಡಿಸಿ, ಗಾಲಿಕುರ್ಚಿಯಲ್ಲಿ ಕೂರಿಸುವ ಒಬ್ಬರು ಬೇಕು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ ಇದಕ್ಕೆ ಎರಡು ದಾರಿಗಳಿವೆ. ಅವೆರಡನ್ನೂ ಬೆರೆಸಿ ಒಂದೇ ಅರ್ಜಿ ಬರೆದರೆ ಕೆಲಸ ಕೆಡುತ್ತದೆ.

ಮೊದಲನೆಯದು ಕಾಲೇಜಿನ ಹೊಣೆ. ತರಗತಿಯನ್ನು ನೆಲಮಹಡಿಗೆ ತರುವುದು, ಸಹಾಯಕರನ್ನು ಒಳಗೆ ಬಿಡುವುದು, ಹಾಸ್ಟೆಲಿನಲ್ಲಿ ಜೊತೆಗಿರಲು ಒಪ್ಪುವುದು ಇವೆಲ್ಲ 'ಸೂಕ್ತ ಹೊಂದಾಣಿಕೆ'ಯ ಕೋರಿಕೆಗಳು. ಇಂಥ ಹೊಂದಾಣಿಕೆ ನಿರಾಕರಿಸುವುದೇ ತಾರತಮ್ಯ ಎಂದು ಸುಪ್ರೀಂ ಕೋರ್ಟ್ 2021ರ ವಿಕಾಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಪ್ರಾಂಶುಪಾಲರನ್ನು ಲಿಖಿತವಾಗಿಯೇ ಕೇಳಿ ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ಭರವಸೆ ಪ್ರಾಂಶುಪಾಲರ ವರ್ಗಾವಣೆಯೊಂದಿಗೆ ಹೋಗಿಬಿಡುತ್ತದೆ. ಆದರೆ ಸಹಾಯಕರ ಸಂಬಳವನ್ನು ಕಾಯ್ದೆ ನೇರವಾಗಿ ಕಾಲೇಜಿನ ಮೇಲೆ ಹೊರಿಸಿಲ್ಲ.

ಅದಕ್ಕಿರುವುದು ಎರಡನೆಯ ದಾರಿ, ಕಾಯ್ದೆಯ 38ನೇ ಕಲಂ. ಶೇ. 40 ಅಥವಾ ಹೆಚ್ಚಿನ ವೈಕಲ್ಯವಿದ್ದು, ಹೆಚ್ಚಿನ ಬೆಂಬಲ ಬೇಕಾದವರು, ಇಲ್ಲವೇ ಅವರ ಪರವಾಗಿ ಬೇರೆಯವರು, ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಪ್ರಾಧಿಕಾರ ಅದನ್ನು ಮೌಲ್ಯಮಾಪನ ಮಂಡಳಿಗೆ ಕಳಿಸಿ, ವರದಿಯಂತೆ, ಜಾರಿಯಲ್ಲಿರುವ ಯೋಜನೆಗಳ ಮಿತಿಯಲ್ಲಿ ಬೆಂಬಲ ಒದಗಿಸಬೇಕು. ಉದಾಹರಣೆಗೆ, ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ಐಗಳಿಯವರಾದರೆ ಗ್ರಾಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಶುರುಮಾಡುವುದು ಸಲೀಸು. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಬೆಳಗಾವಿಯಲ್ಲಿ ವಿಕಲಚೇತನರ ಜಿಲ್ಲಾ ಕಲ್ಯಾಣಾಧಿಕಾರಿ ಇದ್ದಾರೆ. ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮೊದಲೇ ಕೈಯಲ್ಲಿರಲಿ.

ಅರ್ಜಿಯಲ್ಲಿ 'ಸಹಾಯ ಬೇಕು' ಎಂದಷ್ಟೇ ಬರೆದರೆ ಮಂಡಳಿಗೆ ಅಳೆಯಲು ಏನೂ ಸಿಗದು. ದಿನಚರಿಯನ್ನೇ ಬರೆಯಬೇಕು: ಬೆಳಿಗ್ಗೆ ಆರಕ್ಕೆ ಮೂತ್ರದ ಚೀಲ ಖಾಲಿ ಮಾಡುವುದು, ಶೌಚ, ಸ್ನಾನ, ಎಂಟಕ್ಕೆ ಮಂಚದಿಂದ ಕುರ್ಚಿಗೆ ದಾಟಿಸುವುದು (ಇಬ್ಬರು ಹಿಡಿಯಬೇಕು), ತರಗತಿಯ ನಡುವೆ ಒತ್ತುಹುಣ್ಣಾಗದಂತೆ ಮೈ ಎತ್ತಿ ಕೂರಿಸುವುದು, ರಾತ್ರಿ ಮಗ್ಗಲು ಬದಲಿಸುವುದು. ವೈದ್ಯರ ಸಹಿಯಿದ್ದರೆ ಇದರ ತೂಕ ಹೆಚ್ಚುತ್ತದೆ.

ಸಂಬಳವಿಲ್ಲದೆ ನೋಡಿಕೊಳ್ಳುವ ತಾಯಿಯೂ ಕಾಯ್ದೆಯ ಪ್ರಕಾರ ಆರೈಕೆದಾರಳೇ. ಆರೈಕೆದಾರರ ಭತ್ಯೆಯ ಮಾತು 24ನೇ ಕಲಮಿನಲ್ಲಿದೆ. ಕರ್ನಾಟಕದ 2024-25ರ ಬಜೆಟ್ ತಿಂಗಳಿಗೆ 1,000 ರೂಪಾಯಿ ಘೋಷಿಸಿದ್ದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ. ಬೆನ್ನುಹುರಿಯ ಪೆಟ್ಟು ಆ ಘೋಷಣೆಯಲ್ಲಿರಲಿಲ್ಲ. ಇದು ಸಣ್ಣ ಕೊರತೆಯಲ್ಲ.

ಅರ್ಜಿಗೆ ಉತ್ತರ ಬಾರದಿದ್ದರೆ ಬೆಂಗಳೂರಿನ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ವಿಕಲಚೇತನರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ: ಅಥಣಿಯವರು ಅಲ್ಲಿನ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು.