ಚಾವುಂಡರಾಯ: ಸಮರಪರಶುರಾಮನೂ ಸತ್ಯಯುಧಿಷ್ಠಿರನೂ

ಶಸ್ತ್ರದಿಂದ ಜೀವಿಸುವವನಿಗೆ ಧರ್ಮವು ಸಾಧ್ಯವೆ? ಈ ಪ್ರಶ್ನೆಯು ಹೊಸತಲ್ಲ. ಕುರುಕ್ಷೇತ್ರದಲ್ಲಿ ರಥದ ಮೇಲೆ ಕುಳಿತು ಅರ್ಜುನನು ಕೇಳಿದುದೂ ಇದನ್ನೇ. ಕಾಡಿಗೆ ಹೋದವನು ಹಿಂಸೆಯನ್ನು ತೊರೆಯುವುದು ಸುಲಭ. ಮನೆಯಲ್ಲಿ ತಾಯಿಯನ್ನೂ ಮಕ್ಕಳನ್ನೂ ಇಟ್ಟುಕೊಂಡು, ಅರಸನ ಅಪ್ಪಣೆಯಂತೆ ದಂಡೆತ್ತಿ ಹೋಗಬೇಕಾದವನ ಪಾಡೇನು? ಪುಸ್ತಕದ ಸಿದ್ಧಾಂತಕ್ಕಿಂತ ಬಾಳಿದವರ ಬಾಳೇ ಇದಕ್ಕೆ ತಕ್ಕ ಉತ್ತರವನ್ನು ಕೊಡಬಲ್ಲುದು. ಕನ್ನಡ ನಾಡಿನ ಚರಿತ್ರೆಯಲ್ಲಿ ಅಂತಹ ಬಾಳನ್ನು ಬಾಳಿದವನು ಗಂಗರ ದಂಡನಾಯಕನಾದ ಚಾವುಂಡರಾಯನು. ಅವನು ಜೈನಧರ್ಮೀಯನು. ಆದರೆ ಸದಾಚಾರವು ಒಂದು ಮತದವರ ಸೊತ್ತಲ್ಲವಾದುದರಿಂದ ಅವನ ಚರಿತ್ರೆಯು ಎಲ್ಲ ಧರ್ಮಜಿಜ್ಞಾಸುಗಳಿಗೂ ಪಾಠವಾಗಿದೆ.

ವಂಶ ಮತ್ತು ವೃತ್ತಿ

ಚಾವುಂಡರಾಯನು ಬ್ರಹ್ಮಕ್ಷತ್ರ ಕುಲದವನು. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಲಕಾಡಿನ ಗಂಗರಸರಾದ ಮಾರಸಿಂಹನಿಗೂ, ತರುವಾಯ ನಾಲ್ಕನೆಯ ರಾಚಮಲ್ಲನಿಗೂ ಮಂತ್ರಿಯೂ ಸೇನಾಪತಿಯೂ ಆಗಿದ್ದನು. ಅದು ಕಷ್ಟದ ಕಾಲ. ಕ್ರಿ.ಶ. 973ರಲ್ಲಿ ಚಾಲುಕ್ಯ ತೈಲಪನಿಂದ ರಾಷ್ಟ್ರಕೂಟ ಸಾಮ್ರಾಜ್ಯವು ಉರುಳಿತು. ಅದರ ಆಸರೆಯಲ್ಲಿದ್ದ ಗಂಗರಾಜ್ಯವು ತನ್ನ ಬಲದಿಂದಲೇ ನಿಲ್ಲಬೇಕಾಯಿತು. ಸ್ವಲ್ಪ ಕಾಲದಲ್ಲಿಯೇ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಅನಂತರ ರಾಜ್ಯದ ಭಾರವನ್ನು ಹೊತ್ತವರಲ್ಲಿ ಚಾವುಂಡರಾಯನೇ ಮುಖ್ಯನು. ಆ ಅಜಿತಸೇನರೇ ಅವನಿಗೂ ಗುರುಗಳು.

ಹೀಗೆ ಅವನ ಬಾಳಿನ ಬಹುಭಾಗವು ಕದನಗಳಲ್ಲಿಯೇ ಸಂದಿತು. ಖೇಡಗದ ಕಾಳಗದಲ್ಲಿ ವಜ್ವಲದೇವನನ್ನು ಸೋಲಿಸಿ ಸಮರಧುರಂಧರನೆಂದೂ, ಗೋನೂರ ಬಯಲಿನಲ್ಲಿ ನೊಳಂಬರನ್ನು ಎದುರಿಸಿ ವೀರಮಾರ್ತಂಡನೆಂದೂ, ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಹೋರಾಡಿ ರಣರಂಗಸಿಂಗನೆಂದೂ ಬಿರುದಾಂಕಿತನಾದನು. ಈ ವಿವರಗಳು ಅವನೇ ಶಕ 900ರಲ್ಲಿ, ಎಂದರೆ ಕ್ರಿ.ಶ. 978ರಲ್ಲಿ, ರಚಿಸಿದ ಚಾವುಂಡರಾಯ ಪುರಾಣದಲ್ಲಿವೆ. ಅರವತ್ತಮೂರು ಶಲಾಕಾಪುರುಷರ ಚರಿತ್ರೆಯನ್ನು ಹೇಳುವ ಆ ಗ್ರಂಥವು ಕನ್ನಡದ ಪ್ರಾಚೀನ ಗದ್ಯಕೃತಿಗಳಲ್ಲಿ ಒಂದು. ಗೃಹಸ್ಥರ ಮತ್ತು ಯತಿಗಳ ಆಚಾರವನ್ನು ಕುರಿತ ಚಾರಿತ್ರಸಾರವೆಂಬ ಸಂಸ್ಕೃತ ಗ್ರಂಥವೂ ಅವನದೇ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದುದು ಈತನ ಪ್ರಾರ್ಥನೆಯಿಂದ. ಮುಧೋಳದ ಬಳೆಗಾರರ ಮನೆತನದಿಂದ ಬಂದ ರನ್ನನಿಗೆ ಆಶ್ರಯವಿತ್ತವರಲ್ಲಿ ಈತನೂ ಒಬ್ಬನು. ಆ ಕೃತಜ್ಞತೆಯಿಂದ ಕವಿಯು ತನ್ನ ಮಗನಿಗೆ ರಾಯನೆಂದು ಹೆಸರಿಟ್ಟನು.

ಎರಡು ಬಿರುದುಗಳು

ಚಾವುಂಡರಾಯನ ಬಿರುದುಗಳಲ್ಲಿ ಎರಡನ್ನು ವಿಶೇಷವಾಗಿ ವಿಚಾರಿಸತಕ್ಕದ್ದು. ಮೊದಲನೆಯದು ಸಮರಪರಶುರಾಮನೆಂಬುದು. ಅವನ ತಮ್ಮನಾದ ನಾಗವರ್ಮನನ್ನು ಮುದುರಾಚಯ್ಯನೆಂಬವನು ಕೊಂದಿದ್ದನು. ಚಾವುಂಡರಾಯನು ಆ ಮುದುರಾಚಯ್ಯನನ್ನು ಕೊಂದು ತಮ್ಮನ ಹಗೆಯನ್ನು ತೀರಿಸಿದನು. ತಂದೆಯ ವಧೆಗಾಗಿ ಕೊಡಲಿಯೆತ್ತಿದ ಭಾರ್ಗವನ ಹೆಸರು ಆದುದರಿಂದಲೇ ಅವನಿಗೆ ಬಂದಿತು.

ಎರಡನೆಯದು ಸತ್ಯಯುಧಿಷ್ಠಿರನೆಂಬುದು. ವಿನೋದಕ್ಕಾದರೂ ಸುಳ್ಳಾಡದವನಾದುದರಿಂದ ಈ ಬಿರುದು ಸಂದಿತು. ರಣದಲ್ಲಿ ಸತ್ಯವು ಎಷ್ಟು ಸುಲಭವಾಗಿ ಕೆಡುವುದೆಂಬುದನ್ನು ದ್ರೋಣವಧೆಯ ಕಥೆಯೇ ಹೇಳುತ್ತದೆ. ಸಾಕ್ಷಾತ್ ಧರ್ಮರಾಯನೂ ಅಲ್ಲಿ ಅರ್ಧಸತ್ಯಕ್ಕೆ ಇಳಿದನು. ಅಂತಹ ರಣದಲ್ಲಿಯೇ ವೃತ್ತಿಯನ್ನು ನಡೆಸಿದವನಿಗೆ ಸತ್ಯದ ಹೆಸರು ಬಂದುದು ಅಲ್ಪವಲ್ಲ. ನುಡಿದಂತೆ ನಡೆಯಬೇಕೆಂಬುದು ಈ ನಾಡಿನ ಎಲ್ಲ ಧರ್ಮಪುರುಷರ ಒಮ್ಮತವಷ್ಟೆ.

ಒಬ್ಬನೇ ಮನುಷ್ಯನಲ್ಲಿ ಪರಶುರಾಮನೂ ಯುಧಿಷ್ಠಿರನೂ ಕೂಡಿರಬಲ್ಲರೆ? ಇಲ್ಲಿಯೇ ವಿಷಯದ ಕಗ್ಗಂಟು.

ಗೃಹಸ್ಥನ ಅಹಿಂಸೆ

ಜೈನಶಾಸ್ತ್ರವು ಯತಿಗೆ ಮಹಾವ್ರತಗಳನ್ನೂ ಗೃಹಸ್ಥನಿಗೆ ಅಣುವ್ರತಗಳನ್ನೂ ವಿಧಿಸುತ್ತದೆ. ಹಿಂಸೆಯನ್ನು ಅದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡುವುದು ಸಂಕಲ್ಪೀ ಹಿಂಸೆ. ಅಡಿಗೆ ಮೊದಲಾದ ಮನೆಗೆಲಸಗಳಲ್ಲಿ ಆಗುವುದು ಆರಂಭೀ. ಒಕ್ಕಲುತನ ಮೊದಲಾದ ಜೀವನೋಪಾಯಗಳಲ್ಲಿ ಆಗುವುದು ಉದ್ಯೋಗೀ. ಮೇಲೆ ಬಿದ್ದವನನ್ನು ತಡೆದು ತನ್ನವರನ್ನೂ ನಾಡನ್ನೂ ಕಾಯುವಾಗ ಆಗುವುದು ವಿರೋಧೀ ಹಿಂಸೆ. ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕು. ಉಳಿದವು ಅವನಿಗೆ ಅನಿವಾರ್ಯ. ಅವುಗಳಲ್ಲಿ ಎಚ್ಚರದಿಂದಿರುವುದೇ ಅವನ ವ್ರತ.

ಈ ವಿಂಗಡಣೆಯು ಸೈನಿಕನಿಗೆ ಆಸರೆಯನ್ನು ಕೊಡುತ್ತದೆ. ಆದರೆ ಅವನನ್ನು ಸಂಪೂರ್ಣವಾಗಿ ಬಿಡುಗಡೆ ಮಾಡುವುದಿಲ್ಲ. ಉಚ್ಚಂಗಿಯ ಕೋಟೆಯ ಮುಂದೆ ನಡೆದುದನ್ನು ರಾಜಕಾರ್ಯವೆನ್ನಬಹುದು. ತಮ್ಮನನ್ನು ಕೊಂದವನ ಮೇಲೆ ಕತ್ತಿಯೆತ್ತಿದಾಗ ನಾಡಿನ ರಕ್ಷಣೆಯೆಷ್ಟು, ಎದೆಯ ಕ್ರೋಧವೆಷ್ಟು? ಹೊರಗೆ ನಿಂತು ನೋಡುವವರಿಗೆ ಇದು ತಿಳಿಯದು. ಕೊಂದವನ ಅಂತರಂಗವೊಂದೇ ಇದಕ್ಕೆ ಸಾಕ್ಷಿ. ಬಂಧುಪ್ರೇಮವು ಗುಣವೇ ಆದರೂ ಅದೇ ಪ್ರೇಮವು ಹಗೆಗೆ ಬೇರಾಗುವುದುಂಟು. ಚಾವುಂಡರಾಯನು ಆಚಾರಶಾಸ್ತ್ರವನ್ನು ಬರೆದ ಪಂಡಿತನು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು ಜೀವವನ್ನು ಕಟ್ಟುವ ಬಗೆಯನ್ನು ಅವನು ಅರಿಯದವನಲ್ಲ.

ತಾಯಿಯ ಬಯಕೆ

ಮುಂದಿನ ಕಥೆಯು ಪರಂಪರೆಯಿಂದ ಬಂದುದು. ಅವನ ತಾಯಿಯಾದ ಕಾಳಲಾದೇವಿಯು ಪೌದನಪುರದಲ್ಲಿ ಭರತಚಕ್ರವರ್ತಿಯು ಮಾಡಿಸಿದ ಬಾಹುಬಲಿಯ ಮೂರ್ತಿಯ ವೃತ್ತಾಂತವನ್ನು ಕೇಳಿ, ಅದರ ದರ್ಶನವಾಗುವವರೆಗೆ ಹಾಲನ್ನು ಮುಟ್ಟೆನೆಂದು ನಿಯಮವನ್ನು ತೊಟ್ಟಳು. ಮಗನು ರಾಜಕಾರ್ಯದ ನೆಪವನ್ನು ಹೇಳಲಿಲ್ಲ. ತಾಯಿಯನ್ನೂ ಗುರುಗಳನ್ನೂ ಕರೆದುಕೊಂಡು ಹೊರಟನು. ದಾರಿಯಲ್ಲಿ ಬೆಳ್ಗೊಳದಲ್ಲಿ ತಂಗಿದಾಗ, ಪೌದನಪುರದ ಹಾದಿಯು ದುರ್ಗಮವೆಂದೂ, ಎದುರಿನ ಬೆಟ್ಟಕ್ಕೆ ಬಾಣವನ್ನೆಸೆದರೆ ಸ್ವಾಮಿಯು ಅಲ್ಲಿಯೇ ಕಾಣುವನೆಂದೂ ಕನಸಾಯಿತು. ಚಿಕ್ಕಬೆಟ್ಟದಿಂದ ಬಿಟ್ಟ ಬಾಣವು ದೊಡ್ಡಬೆಟ್ಟದ ಬಂಡೆಗೆ ತಾಗಿತು. ಯೋಧನ ಬಿಲ್ಲಿಗೆ ಇಲ್ಲಿ ವೈರಿಯಿರಲಿಲ್ಲ. ಬಾಣವು ಹೋದುದು ತಾಯಿಯ ವ್ರತವನ್ನು ಸಲ್ಲಿಸುವುದಕ್ಕೆ.

ಕಥೆಯು ಹೇಗೇ ಇರಲಿ, ವಿಗ್ರಹವಂತೂ ಇತಿಹಾಸ. ಪುರಾಣದಲ್ಲಿ ಅದರ ಪ್ರಸ್ತಾಪವಿಲ್ಲವಾದುದರಿಂದ 978ರ ಅನಂತರ, 981ರ ಸುಮಾರಿಗೆ, ಪ್ರತಿಷ್ಠೆಯಾಯಿತೆಂಬುದು ವಿದ್ವಾಂಸರಲ್ಲಿ ರೂಢಿಯಾದ ಮತ. ಸುಮಾರು 58 ಅಡಿಯ ಆ ಮೂರ್ತಿಯು ಬೆಟ್ಟದ ನೆತ್ತಿಯಲ್ಲಿ ಏಕಶಿಲೆಯಲ್ಲಿ ಕಡೆದದ್ದು.

ಆ ಮೂರ್ತಿಯು ಯಾರದೆಂಬುದನ್ನು ಗಮನಿಸಬೇಕು. ಅಣ್ಣನಾದ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರರಲ್ಲಿಯೂ ಗೆದ್ದವನು ಬಾಹುಬಲಿ. ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸಿ, ಗೆದ್ದ ರಾಜ್ಯವನ್ನು ಅವನಿಗೇ ಬಿಟ್ಟು, ಬಳ್ಳಿಗಳು ಮೈಗೆ ಹಬ್ಬುವಂತೆ ನಿಂತು ತಪಸ್ಸು ಮಾಡಿದವನು. ಸಹೋದರನ ವಧೆಗಾಗಿ ಕೊಂದ ಕೈಯೇ, ಸಹೋದರನನ್ನು ಕೊಲ್ಲದೆ ಇಳಿಸಿದ ಕೈಗಳ ರೂಪವನ್ನು ಕಲ್ಲಿನಲ್ಲಿ ನಿಲ್ಲಿಸಿತು. ಪರಶುರಾಮನೂ ಕಡೆಗೆ ಭೂಮಿಯನ್ನೆಲ್ಲ ಕಶ್ಯಪನಿಗೆ ದಾನಮಾಡಿ ಮಹೇಂದ್ರಪರ್ವತವನ್ನು ಸೇರಿದನೆಂಬುದನ್ನು ಇಲ್ಲಿ ಸ್ಮರಿಸಬಹುದು.

ಅಜ್ಜಿಯ ಹಾಲು

ಕ್ರೋಧವು ಅಡಗಿದರೂ ಮಾನಕಷಾಯವು ಉಳಿಯುತ್ತದೆ. ಅದನ್ನು ಕುರಿತ ಕಥೆಯು ಎಲ್ಲರಿಗೂ ತಿಳಿದುದೇ. ಇಂತಹ ಮೂರ್ತಿಯನ್ನು ಮಾಡಿಸಿದೆನೆಂಬ ಗರ್ವದಿಂದ ಚಾವುಂಡರಾಯನು ಎರೆಯಿಸಿದ ಕೊಡಗಟ್ಟಲೆ ಹಾಲು ಮೂರ್ತಿಯ ತೊಡೆಯಿಂದ ಕೆಳಗೆ ಇಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಪಾದದವರೆಗೆ ಹರಿಯಿತು. ಆ ಗುಳ್ಳಕಾಯಜ್ಜಿಯ ಶಿಲಾರೂಪವು ಇಂದಿಗೂ ಸ್ವಾಮಿಗೆ ಎದುರಾಗಿ ನಿಂತಿದೆ. ಸೇನಾಪತಿಯು ಸೋತ ಯುದ್ಧವೆಂದು ಜನರು ನೆನೆಯುವುದು ಇದೊಂದನ್ನೇ. ಆ ಸೋಲನ್ನು ಅವನು ಮುಚ್ಚಿಡಲಿಲ್ಲ. ಮುದುಕಿಯ ಮೂರ್ತಿಯನ್ನು ಅಲ್ಲಿ ನಿಲ್ಲಿಸಿದವನೂ ಅವನೇ ಎಂದು ಪರಂಪರೆಯು ಹೇಳುತ್ತದೆ.

ಹೆಸರು ಮಾತ್ರ

ಮೂರ್ತಿಯ ಪಾದಗಳ ಇಕ್ಕೆಲಗಳಲ್ಲಿ ಕನ್ನಡ, ತಮಿಳು, ಮರಾಠಿ ಭಾಷೆಗಳ ಚಿಕ್ಕ ಶಾಸನಗಳಿವೆ. ಚಾವುಂಡರಾಯನು ಮಾಡಿಸಿದನೆಂಬುದಷ್ಟೇ ಅವುಗಳ ತಾತ್ಪರ್ಯ. ವೀರಮಾರ್ತಂಡನೂ ಇಲ್ಲ, ರಣರಂಗಸಿಂಗನೂ ಇಲ್ಲ. ಅದೇ ಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದ ಮೇಲೆ ಅವನ ಕುಲವನ್ನೂ ಪರಾಕ್ರಮವನ್ನೂ ಹೊಗಳುವ ದೀರ್ಘ ಶಾಸನವಿದ್ದಿತು. 1200ರ ಸುಮಾರಿಗೆ ಹೆಗ್ಗಡೆ ಕಣ್ಣನೆಂಬವನು ತನ್ನ ಕೆಲವೇ ಸಾಲುಗಳನ್ನು ಬರೆಯಿಸುವುದಕ್ಕಾಗಿ ಅದರ ಬಹುಭಾಗವನ್ನು ಅಳಿಸಿಬಿಟ್ಟನು. ಬಿರುದುಗಳ ಶಾಸನವು ಹೀಗೆ ಮುಕ್ಕಾಯಿತು. ಪಾದದ ಬಳಿಯ ಬರಿಯ ಹೆಸರು ಸಾವಿರ ವರ್ಷಗಳನ್ನು ದಾಟಿ ಉಳಿಯಿತು.

ಮನೆಯಲ್ಲಿಯೂ ಅವನ ನಿಷ್ಠೆಯು ಉಳಿಯಿತು. ಮಗನಾದ ಜಿನದೇವಣನು ತಂದೆಯ ಗುರುಗಳಾದ ಅಜಿತಸೇನರಿಗೇ ಶಿಷ್ಯನಾಗಿ, 995ರ ಸುಮಾರಿಗೆ ಬೆಳ್ಗೊಳದಲ್ಲಿ ಜಿನಾಲಯವನ್ನು ಮಾಡಿಸಿದನು. ಚಿಕ್ಕಬೆಟ್ಟದ ಚಾವುಂಡರಾಯ ಬಸದಿಯಲ್ಲಿರುವ ಶಾಸನವು ಅದನ್ನು ತಿಳಿಸುತ್ತದೆ. ನೂರಕ್ಕೆ ಮೀರಿದ ವರ್ಷಗಳ ಮೇಲೆ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಗೊಮ್ಮಟನಿಗೆ ಸುತ್ತಾಲಯವನ್ನು ಕಟ್ಟಿಸಿದನು. ತಾಯಿಯಾದ ಪೋಚಿಕಬ್ಬೆಗಾಗಿ ಚಿಕ್ಕಬೆಟ್ಟದಲ್ಲಿ ಬಸದಿಯನ್ನು ಮಾಡಿಸಿದನು. ಒಬ್ಬ ಯೋಧನು ಹಾಕಿದ ಮೇಲ್ಪಂಕ್ತಿಯು ಇನ್ನೊಬ್ಬ ಯೋಧನಿಗೆ ದಾರಿಯಾಯಿತು.

ಈ ಬಾಳಿನಿಂದ ಕಲಿಯತಕ್ಕ ಪಾಠವಾವುದು? ಚಾವುಂಡರಾಯನು ಕತ್ತಿಯನ್ನು ಬಿಸುಟು ಕಾಡಿಗೆ ಹೋದವನಲ್ಲ. ಕತ್ತಿಯೇ ಧರ್ಮವೆಂದು ನಂಬಿದವನೂ ಅಲ್ಲ. ವೃತ್ತಿಯಲ್ಲಿ ಅಂಟುವ ದೋಷವನ್ನು ಅರಿತು, ನುಡಿಯಲ್ಲಿ ಸತ್ಯವನ್ನೂ ಮನೆಯಲ್ಲಿ ಮಾತೃಭಕ್ತಿಯನ್ನೂ ಗುರುವಿನಲ್ಲಿ ವಿನಯವನ್ನೂ ಬಿಡದೆ, ತಾನು ಮುಟ್ಟಲಾರದ ಎತ್ತರವನ್ನು ಕಣ್ಣ ಮುಂದೆ ನಿಲ್ಲಿಸಿಕೊಂಡು ಬಾಳಿದನು. ವ್ಯಾಪಾರ, ಒಕ್ಕಲುತನ, ಅಧಿಕಾರ, ಯಾವ ವೃತ್ತಿಯೂ ಸಂಪೂರ್ಣ ನಿರ್ದೋಷವಲ್ಲ. ತನ್ನ ವೃತ್ತಿಯ ದೋಷವು ಯಾವುದೆಂದು ದಿನಕ್ಕೊಮ್ಮೆ ಕೇಳಿಕೊಳ್ಳುವವನು, ಗೆದ್ದ ಮೇಲೆ ಇಳಿಸುವುದನ್ನು ಸ್ವಲ್ಪವಾದರೂ ಕಲಿತಾನು. ಬೆಳ್ಗೊಳದ ಮೆಟ್ಟಿಲುಗಳನ್ನು ಹತ್ತುವ ಯಾತ್ರಿಕರು ಸ್ವಾಮಿಯ ಮುಖವನ್ನು ನೋಡಿದ ಮೇಲೆ ಪಾದದ ಬಳಿಯ ಆ ಹೆಸರನ್ನೂ ಒಮ್ಮೆ ಓದಿ ಬರತಕ್ಕದ್ದು.