ನಡುಗಡ್ಡೆಯಾಗುವ ಕೇರಿಗೆ ದಾರಿ ಕೇಳುವುದು ಹೇಗೆ?

ಸೊರಬದ ಕಡೆಯ ನಮ್ಮ ಹಳೆಯ ಮನೆಯ ಹಿಂದೆ, ತೋಟದ ಅಂಚಿನಲ್ಲಿ ಒಂದು ಜಂಬಿಟ್ಟಿಗೆ ಕಂಬ ನಿಂತಿದೆ. ಹೊಳೆ ಉಕ್ಕಿದ ವರ್ಷ ನೀರು ಎಲ್ಲಿಯವರೆಗೆ ಬಂತೋ ಅಲ್ಲಿಗೆ ಅಪ್ಪ ಉಳಿಯಿಂದ ಒಂದು ಗೀರು ಹಾಕುತ್ತಿದ್ದರು. 2019ರ ಆಗಸ್ಟ್‌ನ ಗೀರು ನನ್ನ ಎದೆಮಟ್ಟಕ್ಕಿದೆ. ಆ ಸಲ ನಮ್ಮ ಕೇರಿಯ ಹನ್ನೊಂದು ಮನೆಗಳಿಗೆ ಆರು ದಿನ ಹೊರಗಿನ ಸಂಪರ್ಕವೇ ಇರಲಿಲ್ಲ. ಅಮ್ಮನ ಬಿಪಿ ಮಾತ್ರೆ ಮೂರನೆಯ ದಿನಕ್ಕೇ ಮುಗಿದಿತ್ತು. ನೀರಿಳಿದ ಮೇಲೆ ಎಲ್ಲರೂ ಸೇರಿ, ‘ಈ ಸಲ ಸಂಕ ಆಗಲೇಬೇಕು’ ಎಂದು ಮಾತಾಡಿಕೊಂಡೆವು. ನಾಟಿ ಬಂತು, ಕೊಯ್ಲು ಬಂತು, ಅಡಿಕೆ ಸುಲಿಯುವ ಕಾಲ ಬಂತು. ಹೊಳೆಯ ಜೊತೆ ಆ ಮಾತೂ ಇಳಿದುಹೋಯಿತು.

ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ಇಂಥ ಮಳೆಗಾಲದ ನಡುಗಡ್ಡೆಗಳಿಗೆ ಬರವಿಲ್ಲ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದಾ ಸೊರಬದ ಅಂಚಿನಲ್ಲಿ ಬನವಾಸಿಯ ಕಡೆಗೆ ಹರಿಯುತ್ತಾಳೆ. ಮುಂದೆ ದಂಡಾವತಿ ಬಂದು ಸೇರುತ್ತದೆ. ಶಿಕಾರಿಪುರದ ಕಡೆ ಕುಮುದ್ವತಿ, ಅಂಜನಾಪುರ ಜಲಾಶಯ. ಇವುಗಳ ನಡುವೆ ಲೆಕ್ಕವಿಲ್ಲದಷ್ಟು ಕೆರೆಗಳು. ಒಂದರ ಹಿಂದೊಂದು ಕೆರೆ ಕೋಡಿ ಬಿದ್ದರೆ ಗದ್ದೆ ಬಯಲೆಲ್ಲ ಒಂದೇ ನೀರು, ದಿಬ್ಬದ ಮೇಲಿನ ನಾಲ್ಕು ಮನೆಗಳಷ್ಟೇ ಕಾಣುತ್ತವೆ.

ನಿಜವಾದ ನಡುಗಡ್ಡೆಯ ಕಥೆಯೂ ನಮ್ಮ ಜಿಲ್ಲೆಯಲ್ಲೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಶರಾವತಿ ಹಿನ್ನೀರಿನಾಚೆ ಉಳಿದ ಕರೂರು, ಬಾರಂಗಿ ಹೋಬಳಿಯ ಜನ ಹೊಳೆಬಾಗಿಲಿನ ಲಾಂಚ್ ನೆಚ್ಚಿಕೊಂಡು ಬದುಕಿದರು. ಅವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈ 14ರಂದು. ಅದು ಎರಡು ಕಿಲೋಮೀಟರಿಗೂ ಉದ್ದದ ಕೆಲಸ. ನಮ್ಮ ಕೇರಿಗಳು ಕೇಳುವುದು ಹತ್ತು ಹದಿನೈದು ಮೀಟರಿನ ಒಂದು ಕಾಲುಸಂಕ, ಒಂದು ಮೋರಿ, ಎರಡು ಬೀದಿದೀಪ, ಕುಡಿಯಲು ಒಳ್ಳೆಯ ನೀರು. ಇಷ್ಟಕ್ಕೂ ಹತ್ತಾರು ವರ್ಷ ಹಿಡಿಯುವುದಕ್ಕೆ ಹಣದ ಕೊರತೆ ಒಂದೇ ಕಾರಣವಲ್ಲ. ನಮ್ಮ ಬೇಡಿಕೆ ಮಳೆಗಾಲದಲ್ಲಿ ಬಾಯಲ್ಲಿರುತ್ತದೆ, ಬೇಸಿಗೆಯಲ್ಲಿ ಕಾಗದದ ಮೇಲೆ ಇರುವುದಿಲ್ಲ. ಕ್ರಿಯಾ ಯೋಜನೆ ತಯಾರಾಗುವುದು ಮಳೆ ನಿಂತ ಮೇಲೆ, ಕೆಲಸ ನಡೆಯುವುದು ಬೇಸಿಗೆಯಲ್ಲಿ. ನಾವು ಎಚ್ಚರವಾಗಿರಬೇಕಾದದ್ದು ಆಗ.

ಮೊದಲು, ದಾರಿ ಯಾರದ್ದು ಎಂದು ತಿಳಿಯಿರಿ

ಎಲ್ಲಕ್ಕಿಂತ ಹೆಚ್ಚು ಸಮಯ ಹಾಳಾಗುವುದು ಇಲ್ಲಿ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ವರ್ಷಗಟ್ಟಲೆ ಮಲಗಿರುತ್ತದೆ. ನಮ್ಮದೂ ಒಮ್ಮೆ ಹಾಗೇ ಆಯಿತು. ಎರಡು ವರ್ಷ ಕಾದ ಮೇಲೆ, ‘ಈ ರಸ್ತೆ ನಮಗೆ ಬರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಸಿಕ್ಕಿತು.

ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಳ್ಳಿಯಿಂದ ಹಳ್ಳಿಗೆ ಹೋಗುವ ಹೆಚ್ಚಿನ ರಸ್ತೆಗಳನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುತ್ತದೆ. ಊರೊಳಗಿನ, ಕೇರಿಯ ದಾರಿಗಳು ಗ್ರಾಮ ಪಂಚಾಯಿತಿಗೆ ಸೇರುತ್ತವೆ. ಕೆರೆ ಏರಿಯೇ ನಿಮ್ಮ ದಾರಿಯಾಗಿದ್ದರೆ ಆ ಕೆರೆಯ ಅಚ್ಚುಕಟ್ಟು ಎಷ್ಟೆಂದು ನೋಡಿ. 40 ಹೆಕ್ಟೇರಿನಿಂದ 2,000 ಹೆಕ್ಟೇರಿನವರೆಗೆ ಇದ್ದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಚಿಕ್ಕದಾದರೆ ಪಂಚಾಯತ್ ವ್ಯವಸ್ಥೆ.

ಇದರ ಜೊತೆಗೆ ಗ್ರಾಮ ನಕ್ಷೆಯ ಪ್ರತಿ ತೆಗೆದುಕೊಳ್ಳಿ. ಭೂಮಾಪನ ಇಲಾಖೆಯಲ್ಲಿ ಸಿಗುತ್ತದೆ. ನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿ ಗುರುತು ಮಾಡಿರುತ್ತಾರೆ. ‘ನಕಾಶೆ ಕಂಡ ದಾರಿ’ ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ. ನಿಮ್ಮ ದಾರಿ ನಕ್ಷೆಯಲ್ಲಿದ್ದು ಯಾರಾದರೂ ಒತ್ತುವರಿ ಮಾಡಿದ್ದರೆ ದೂರು ತಹಶೀಲ್ದಾರರಿಗೆ. ನಕ್ಷೆಯಲ್ಲಿಲ್ಲದೆ ಯಾರದೋ ಹಿಡುವಳಿಯ ಬದುವಿನ ಮೇಲೆ ಓಡಾಡುತ್ತಿದ್ದರೆ, ಸಂಕ ಕೇಳುವ ಮೊದಲು ಆ ಜಮೀನಿನವರ ಮನೆಗೆ ಹೋಗಿ, ಎಲೆ ಅಡಿಕೆ ಹಾಕಿಕೊಂಡು ಕೂತು ಮಾತಾಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕಾಮಗಾರಿ ಮಂಜೂರಾದ ಮೇಲೆ ಜಾಗದ ತಕರಾರು ಎದ್ದರೆ ಬಂದ ಹಣವೂ ವಾಪಸು ಹೋದೀತು.

ಕಾಡಿನ ಅಂಚಿನ ಕೇರಿಗಳಿಗೆ ‘ಅರಣ್ಯ ಜಾಗ, ಆಗುವುದಿಲ್ಲ’ ಎಂಬ ಮಾತು ಚಿರಪರಿಚಿತ. ಅರಣ್ಯ ಹಕ್ಕು ಕಾಯ್ದೆ 2006ರ ಸೆಕ್ಷನ್ 3(2) ಓದಿದವರು ಕಡಿಮೆ. ರಸ್ತೆ, ಶಾಲೆ, ಅಂಗನವಾಡಿ, ವಿದ್ಯುತ್ ಲೈನು, ಕುಡಿಯುವ ನೀರಿನ ಪೈಪು ಸೇರಿ 13 ಬಗೆಯ ಸಾರ್ವಜನಿಕ ಸೌಲಭ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಸಾಕಾಗುವಂತಿದ್ದರೆ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬೇಕಿಲ್ಲದಿದ್ದರೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಅನುಮತಿ ಕೊಡಲು ಅವಕಾಶವಿದೆ. ಗ್ರಾಮಸಭೆಯ ನಿರ್ಣಯವಿಲ್ಲದೆ ಈ ಬಾಗಿಲು ತೆರೆಯುವುದಿಲ್ಲ.

ಕೇರಿಯ ಲೆಕ್ಕ ಬರೆಯಿರಿ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಷ್ಟು ಮನೆ, ಎಷ್ಟು ಜನ, ಶಾಲೆಗೆ ಹೋಗುವ ಮಕ್ಕಳೆಷ್ಟು, ಬಸುರಿ ಬಾಣಂತಿಯರು ಯಾರು, ಒಬ್ಬಂಟಿ ಹಿರಿಯರು ಯಾರು, ದಿನಾ ಡೇರಿಗೆ ಎಷ್ಟು ಲೀಟರ್ ಹಾಲು ಹೋಗುತ್ತದೆ. ಆಮೇಲೆ ಮಳೆಗಾಲದಲ್ಲಿ, ದಾರಿ ಮುಳುಗಿದ ದಿನ ಯಾವುದು, ತೆರೆದ ದಿನ ಯಾವುದು ಎಂದು ಬರೆದಿಡಿ. ಮುಳುಗಿದ ಜಾಗದ ಫೋಟೊ ತೆಗೆಯುವಾಗ ಒಬ್ಬರು ಪಕ್ಕದಲ್ಲಿ, ಸುರಕ್ಷಿತ ಜಾಗದಲ್ಲಿ, ನಿಂತರೆ ನೀರಿನ ಅಂದಾಜು ಸಿಗುತ್ತದೆ. ‘ಪ್ರತಿ ವರ್ಷ ತುಂಬಾ ತೊಂದರೆ’ ಎಂಬ ಮಾತನ್ನು ಇಂಜಿನಿಯರು ದಿನಕ್ಕೆ ಹತ್ತು ಸಲ ಕೇಳಿರುತ್ತಾರೆ. ‘ಜುಲೈನಲ್ಲಿ ನಾಲ್ಕು ದಿನ, ಆಗಸ್ಟ್‌ನಲ್ಲಿ ಆರು ದಿನ ಹದಿನಾಲ್ಕು ಮಕ್ಕಳು ಶಾಲೆಗೆ ಹೋಗಿಲ್ಲ’ ಎಂದರೆ ಅವರು ಪೆನ್ನು ಕೈಗೆ ತೆಗೆದುಕೊಳ್ಳುತ್ತಾರೆ.

ಮಕ್ಕಳ ಲೆಕ್ಕ ಯಾಕೆ ಮುಖ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೇ ತರಗತಿಯ ಹುಡುಗಿ ಕಾಲುಸಂಕ ದಾಟುವಾಗ ನೀರುಪಾಲಾದಳು. ಅಡಿಕೆ ದಬ್ಬೆ ಜೋಡಿಸಿ, ಬಳ್ಳಿಯೋ ಹಗ್ಗವೋ ಕಟ್ಟಿದ ಅಂಥದ್ದೇ ಸಂಕದ ಮೇಲೆ ನಾನೂ ಶಾಲೆಗೆ ಹೋದವನು. ಪಾಚಿ ಹಿಡಿದ ದಬ್ಬೆಯ ಮೇಲೆ ಕಾಲಿಟ್ಟಾಗ ಹೊಟ್ಟೆಯಲ್ಲಿ ಆಗುತ್ತಿದ್ದ ಕಸಿವಿಸಿ ಇವತ್ತಿಗೂ ನೆನಪಿದೆ.

ವಾರ್ಡ್ ಸಭೆಯಲ್ಲಿ ಬರೆಸಿ, ಗ್ರಾಮಸಭೆಯಲ್ಲಿ ಓದಿಸಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ ಪ್ರಕಾರ ವಾರ್ಡ್ ಸಭೆ ಮತ್ತು ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಚಿಕ್ಕ ಕೇರಿಯ ಬಲ ಇರುವುದು ವಾರ್ಡ್ ಸಭೆಯಲ್ಲಿ. ಗ್ರಾಮಸಭೆಯಲ್ಲಿ ದೊಡ್ಡ ಊರಿನವರ ದನಿಯೇ ಹೆಚ್ಚು. ಅಲ್ಲಿ ಹನ್ನೊಂದು ಮನೆಯವರ ಮಾತು ಕೇಳಿಸುವುದು ಕಷ್ಟ. ವಾರ್ಡ್ ಸಭೆಗೆ ಮನೆಗೊಬ್ಬರಂತೆ ಹೋದರೂ ಸಭೆಯ ಅರ್ಧ ನೀವೇ ಆಗಿರುತ್ತೀರಿ. ಹೆಣ್ಣುಮಕ್ಕಳನ್ನು ಮುಂದೆ ಕೂರಿಸಿ. ನೀರು, ದೀಪ, ಮಕ್ಕಳ ದಾರಿಯ ವಿಷಯವನ್ನು ಅವರಷ್ಟು ನಿಖರವಾಗಿ ಗಂಡಸರು ಹೇಳುವುದಿಲ್ಲ.

ಸಭೆಯಲ್ಲಿ ಮಾತಾಡಿ ಬಂದರೆ ಸಾಲದು. ನಿಮ್ಮ ಬೇಡಿಕೆ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು, ಆದ್ಯತೆಯ ಪಟ್ಟಿಯಲ್ಲಿ ಅದರ ಸಂಖ್ಯೆ ಎಷ್ಟೆಂದು ಕೇಳಬೇಕು, ಸಹಿ ಹಾಕುವ ಮೊದಲು ಓದಿಸಿಕೊಳ್ಳಬೇಕು. ಮಕ್ಕಳ ಗ್ರಾಮಸಭೆ ನಡೆದರೆ ನಿಮ್ಮ ಕೇರಿಯ ಹುಡುಗ ಹುಡುಗಿಯರನ್ನು ತಪ್ಪದೆ ಕಳಿಸಿ. ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಕಾಲದಲ್ಲೂ ಪಿಡಿಒ ಇದ್ದೇ ಇರುತ್ತಾರೆ, ಅರ್ಜಿಯನ್ನು ಅವರಿಗೆ ಸಲ್ಲಿಸಬಹುದು.

ಒಂದು ಅರ್ಜಿ, ಒಂದೇ ವಿಷಯ

ರಸ್ತೆ, ದೀಪ, ನೀರು, ಮಂಗನ ಕಾಟ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಬೇಡಿ. ಹಾಗೆ ಮಾಡಿದರೆ ಅದು ಯಾವ ಮೇಜಿಗೆ ಹೋಗಬೇಕೆಂದೇ ಗೊತ್ತಾಗುವುದಿಲ್ಲ. ಅರ್ಜಿ ಹೀಗಿದ್ದರೆ ಸಾಕು:

‘ಮಾನ್ಯರೇ, ಇಂಥ ಗ್ರಾಮದ ಇಂಥ ಕೇರಿಯಲ್ಲಿ ಇಷ್ಟು ಮನೆಗಳಿವೆ. ಸರ್ವೆ ನಂಬರ್ ಇಷ್ಟರ ಪಕ್ಕದ ಹಳ್ಳಕ್ಕೆ ಸಂಕವಿಲ್ಲದೆ ಕಳೆದ ಮಳೆಗಾಲದಲ್ಲಿ ಇಷ್ಟು ದಿನ ಸಂಪರ್ಕ ಕಡಿದಿತ್ತು. ಇಷ್ಟು ಶಾಲಾ ಮಕ್ಕಳು ಓಡಾಡುವ ದಾರಿ ಇದು. ಇಂಥ ದಿನಾಂಕದ ವಾರ್ಡ್ ಸಭೆಯ ನಡಾವಳಿಯಲ್ಲಿ ಇದು ದಾಖಲಾಗಿದೆ. ಸ್ಥಳ ಪರಿಶೀಲಿಸಿ, ಅಂದಾಜು ಪಟ್ಟಿ ತಯಾರಿಸಿ, ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇರಿಸಬೇಕೆಂದು ಕೋರುತ್ತೇವೆ.’

ಕೆಳಗೆ ಎಲ್ಲ ಮನೆಯವರ ಸಹಿ. ನಕ್ಷೆ, ಫೋಟೊ ಲಗತ್ತಿಸಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕದ ಸಮೇತ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಕಚೇರಿಯಿಂದ ಹೊರಗೆ ಬನ್ನಿ. ಆ ನೀಲಿ ಮೊಹರಿನ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಪಹಣಿಯ ಜೊತೆಗೇ ಇಡಿ.

ಪಂಚಾಯಿತಿಯ ಅನುದಾನಕ್ಕೆ ಮೀರಿದ ಕೆಲಸವಾದರೆ ಇದೇ ಕಡತದ ಪ್ರತಿಯನ್ನು ಶಿವಮೊಗ್ಗದಲ್ಲಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಗೂ ಶಾಸಕರ ಕಚೇರಿಗೂ ಕೊಡಿ. ಸಣ್ಣ ಸೇತುವೆ, ಕಾಲುಸಂಕಗಳು ಮಂಡಳಿಯಿಂದಲೂ ಆಗುತ್ತವೆ. ಶಾಲಾ ಮಕ್ಕಳ ದಾರಿಗೆಂದೇ ಲೋಕೋಪಯೋಗಿ ಇಲಾಖೆ ‘ಶಾಲಾ ಸಂಪರ್ಕ ಸೇತು’ ಎಂಬ ಹೆಸರಿನಲ್ಲಿ ಮಲೆನಾಡು, ಕರಾವಳಿಯಲ್ಲಿ ಕಾಲುಸಂಕ ಕಟ್ಟಿದ್ದಿದೆ. ಮುಖ್ಯ ಶಿಕ್ಷಕರ ಒಂದು ಪತ್ರ ಜೊತೆಗಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಉತ್ತರ ಬಾರದಿದ್ದರೆ

ತಿಂಗಳು ಕಾದು 1902ಕ್ಕೆ ಕರೆ ಮಾಡಿ. ಇದು ರಾಜ್ಯದ ಜನಸ್ಪಂದನ ಸಹಾಯವಾಣಿ. ದೂರಿನ ಸಂಖ್ಯೆ ಕೊಡುತ್ತಾರೆ, ಅದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಸಕಾಲಕ್ಕೂ ಇದಕ್ಕೂ ಗೊಂದಲ ಬೇಡ. 2012ರ ಏಪ್ರಿಲ್‌ನಲ್ಲಿ ಶುರುವಾದ ಸಕಾಲ ಇರುವುದು ಜಾತಿ, ಆದಾಯ ಪತ್ರದಂಥ ಸೇವೆಗಳು ಹೊತ್ತಿಗೆ ಸರಿಯಾಗಿ ಸಿಗಲು. ಅಲ್ಲಿ ಅರ್ಜಿ ಹಾಕಿದಾಗ 15 ಅಂಕಿಯ ಸಂಖ್ಯೆ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ ಕೇಳುವ ಹಕ್ಕು ನಿಮ್ಮದು. ಸೇತುವೆ ಸಕಾಲದಲ್ಲಿ ಬರುವುದಿಲ್ಲ.

ಅಷ್ಟಕ್ಕೂ ಆಗದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ‘ಇಂಥ ದಿನಾಂಕದ ನಮ್ಮ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಮತ್ತು ಈ ವರ್ಷದ ಕ್ರಿಯಾ ಯೋಜನೆಯ ಪ್ರತಿ ಕೊಡಿ’ ಎಂದಷ್ಟೇ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ. ಜಗಳದ ಭಾಷೆ ಬೇಡ. ಪಿಡಿಒ, ಇಂಜಿನಿಯರು ನಾಳೆ ನಿಮ್ಮ ಕೇರಿಗೆ ಬಂದು ಟೇಪು ಹಿಡಿಯಬೇಕಾದವರು.

ಸಂಕ ಆಗುವವರೆಗೆ

ಮೇ ತಿಂಗಳ ಕೊನೆಯೊಳಗೆ ಕೆಲವು ಕೆಲಸ ಮುಗಿಸಿಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆಯವರ ಮಾತ್ರೆ ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ. ಮಳೆಗಾಲದಲ್ಲಿ ದಿನ ತುಂಬುವ ಬಸುರಿಯರಿದ್ದರೆ ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿ, ಹೆರಿಗೆಯ ದಿನಕ್ಕೆ ಎರಡು ವಾರ ಮುಂಚೆ ತಾಲ್ಲೂಕು ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಕಳಿಸುವುದು ಕ್ಷೇಮ.

108 ಆಂಬುಲೆನ್ಸ್ ಎಲ್ಲಿಯವರೆಗೆ ಬರಬಲ್ಲದು ಎಂಬುದನ್ನು ಬಿಸಿಲಿನ ದಿನವೇ ನಿರ್ಧರಿಸಿ: ಅರಳಿಕಟ್ಟೆಯೋ, ಡೇರಿಯೋ, ಬಸ್ ನಿಲ್ದಾಣವೋ. ಕರೆ ಮಾಡುವಾಗ ಅದೇ ಗುರುತು ಹೇಳಿ, ಒಬ್ಬರು ಟಾರ್ಚು ಹಿಡಿದು ಅಲ್ಲಿ ನಿಲ್ಲಲಿ. ರೋಗಿಯನ್ನು ಅಲ್ಲಿಯವರೆಗೆ ತರಲು ಕಂಬಳಿ, ಎರಡು ಗಟ್ಟಿ ಬಿದಿರು ಗಳ ಒಂದು ಮನೆಯಲ್ಲಿ ಸಿದ್ಧವಿರಲಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, ನಡೆಸದೆ ಹೊತ್ತು ತನ್ನಿ.

ಕರೆಂಟು ಹೋದರೆ ಮೆಸ್ಕಾಂನ 1912. ಕಂಬದ ಮೇಲಿನ ಸಂಖ್ಯೆ ಹೇಳಿದರೆ ಲೈನ್‌ಮನ್‌ಗೆ ಹುಡುಕುವ ಕೆಲಸ ತಪ್ಪುತ್ತದೆ. ಕೇರಿಯ ಎಲ್ಲ ಕಂಬಗಳ ಸಂಖ್ಯೆ ನೋಟ್‌ಬುಕ್ಕಿನ ಹಿಂಬದಿಯಲ್ಲಿರಲಿ. ದನಕರುಗಳ ತುರ್ತಿಗೆ 1962. ನೆರೆ ನೀರು ನುಗ್ಗಿದ ಬಾವಿಯ ನೀರನ್ನು ಕ್ಲೋರಿನ್ ಹಾಕಿಸಿ ಪರೀಕ್ಷೆ ಮಾಡಿಸುವವರೆಗೆ ಕುಡಿಯಬೇಡಿ, ಅದಕ್ಕೂ ಪಂಚಾಯಿತಿಗೇ ಹೇಳಿ.

ಮನೆ, ಕೊಟ್ಟಿಗೆ ಕುಸಿದರೆ ತಕ್ಷಣ ರಿಪೇರಿಗೆ ಕೈ ಹಾಕುವ ಮುಂಚೆ ಫೋಟೊ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಬೆಳೆ ನಷ್ಟಕ್ಕೆ ಪರಿಹಾರ ಸಿಗಬೇಕಾದರೆ ಶೇ 33ರಷ್ಟಾದರೂ ಹಾನಿಯಾಗಿರಬೇಕು. ಪಹಣಿಯ ಹೆಸರು, ಆಧಾರ್, ಬ್ಯಾಂಕ್ ಖಾತೆ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಬೇಸಿಗೆಯಲ್ಲೇ ನೋಡಿಕೊಳ್ಳಿ. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಗೆ ಪರಿಹಾರ ಬರುವುದು ಕಷ್ಟ.

ಮಳೆ ಮುಗಿದ ಮೇಲೂ ಒಂದು ವಿಷಯ ಬಾಕಿ ಇರುತ್ತದೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ನಮ್ಮ ಸೊರಬ ತಾಲ್ಲೂಕಿನದೇ. ಡಿಸೆಂಬರಿನಿಂದ ಮೇವರೆಗೆ ತೋಟದಲ್ಲೋ ಕಾಡಂಚಿನಲ್ಲೋ ಸತ್ತ ಮಂಗ ಕಂಡರೆ ಮುಟ್ಟದೆ, ಮಕ್ಕಳನ್ನೂ ಹತ್ತಿರ ಬಿಡದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ದರಕು ಗುಡಿಸಲು, ಸೌದೆಗೆ ಹೋಗುವವರಿಗೆ ಅಂದೇ ಸುದ್ದಿ ಮುಟ್ಟಬೇಕು.

ನಮ್ಮ ಕೇರಿಯ ಅರ್ಜಿಗೆ ಈಗ ಮೊಹರು ಬಿದ್ದಿದೆ, ನಡಾವಳಿಯಲ್ಲಿ ಸಂಖ್ಯೆ ಸಿಕ್ಕಿದೆ. ಕಳೆದ ತಿಂಗಳು ಇಂಜಿನಿಯರು ಬಂದು ಹಳ್ಳದ ಅಗಲ ಅಳೆದರು. ನೀರು ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಕೇಳಿದಾಗ ಅವರನ್ನು ತೋಟದ ಅಂಚಿಗೆ ಕರೆದುಕೊಂಡು ಹೋಗಿ ಅಪ್ಪನ ಕಂಬ ತೋರಿಸಿದೆವು. ಅವರು 2019ರ ಗೀರಿಗೆ ಟೇಪಿನ ತುದಿ ಹಿಡಿದು, ನೆಲದವರೆಗೆ ಎಳೆದು, ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡರು.